ಕುಚ್ಚಲಕ್ಕಿ, ಗುಜ್ಜೆ, ಇನ್ಸುಲಿನ್ ಗಿಡ: ಶುಗರ್ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

“ಕುಚ್ಚಲಕ್ಕಿ ಊಟ ಮಾಡುವವರಿಗೆ ಶುಗರ್ ಬರುವುದಿಲ್ಲ.” “ಇನ್ಸುಲಿನ್ ಗಿಡದ ಎಲೆ ಜಗಿದರೆ ಮಾತ್ರೆ ಬೇಡ.” “ಗುಜ್ಜೆ ತಿನ್ನಿ, ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಾಯ.” “ಔಷಧ ಕಂಪೆನಿಗಳ ಲಾಭಕ್ಕಾಗಿ ಶುಗರ್ ಮಿತಿಯನ್ನೇ ಇಳಿಸಿದ್ದಾರೆ.” ಇಂಥ ಸಂದೇಶಗಳಲ್ಲಿ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿರುತ್ತದೆ. ಮಂಗಳೂರಿನ ಜೆಪ್ಪುವಿನಂಥ ಊರಿನಲ್ಲಂತೂ ಕುಚ್ಚಲಕ್ಕಿ, ಹಲಸು, ಅಂಗಳದ ಗಿಡ ಎಲ್ಲವೂ ಕೈಗೆಟುಕುವ ವಸ್ತುಗಳೇ. ಹಾಗಾಗಿ ನಂಬುವುದೂ ಸುಲಭ, ಮುಂದಕ್ಕೆ ಕಳಿಸುವುದೂ ಸುಲಭ.

ಚುಟುಕಾದ ಉತ್ತರ ಇಷ್ಟು: ಈ ಆಹಾರಗಳಲ್ಲಿ ಹೆಚ್ಚಿನವು ಕೆಟ್ಟವಲ್ಲ, ಆದರೆ ಯಾವುದೂ ಮದ್ದಲ್ಲ. ಶುಗರ್ ಹತೋಟಿಗೆ ಬರುವುದು ಬಟ್ಟಲಿಗೆ ಯಾವುದೋ ಒಂದು ವಸ್ತು ಸೇರಿದ್ದರಿಂದಲ್ಲ. ಇಡೀ ಬಟ್ಟಲಿನ ಅಳತೆ, ದೇಹದ ತೂಕ, ನಡಿಗೆ ಮತ್ತು ಔಷಧಿ ನಾಲ್ಕೂ ಸೇರಿ. ಫಾರ್ವರ್ಡ್ ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದು ಮಾತ್ರ ನಿಜಕ್ಕೂ ಅಪಾಯ. ಈಗ ಒಂದೊಂದಾಗಿ ನೋಡೋಣ.

ಮೊದಲು ಕಾಯಿಲೆಯ ಲೆಕ್ಕ

ಅನ್ನ, ದೋಸೆ, ಚಪಾತಿಯಲ್ಲಿರುವ ಪಿಷ್ಟ ಜೀರ್ಣವಾದಾಗ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆ ಗ್ಲೂಕೋಸ್ ಜೀವಕೋಶಗಳ ಒಳಗೆ ಹೋಗಲು ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಇನ್ಸುಲಿನ್ ಬೇಕು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ನಿಧಾನವಾಗಿ ಅದರ ಉತ್ಪಾದನೆಯೂ ಕುಗ್ಗಿದರೆ ಅದು ಟೈಪ್ 2 ಮಧುಮೇಹ. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಇದೇ. ಇನ್ಸುಲಿನ್ ಉತ್ಪಾದನೆಯೇ ನಿಂತುಹೋಗುವುದು ಟೈಪ್ 1. ಇದು ಸಾಮಾನ್ಯವಾಗಿ ಮಕ್ಕಳಲ್ಲಿ, ಯುವಕರಲ್ಲಿ ಕಾಣಿಸುತ್ತದೆ. ಅವರಿಗೆ ಹೊರಗಿನಿಂದ ಕೊಡುವ ಇನ್ಸುಲಿನ್ ಇಲ್ಲದೆ ಬದುಕಿಲ್ಲ.

ಖಾಲಿಹೊಟ್ಟೆಯಲ್ಲಿ 126 ಮಿ.ಗ್ರಾಂ ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹ. ಯಾವ ತೊಂದರೆಯೂ ಕಾಣದವರಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಖಚಿತಪಡಿಸುತ್ತಾರೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹದ ಹೊಸ್ತಿಲು, ಅಂದರೆ ‘ಪ್ರಿ-ಡಯಾಬಿಟಿಸ್’. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಹೊಸ್ತಿಲಲ್ಲಿದ್ದಾರೆ.

ಫಾರ್ವರ್ಡ್ 1: “ಕಂಪೆನಿಗಳು ಮಿತಿ ಇಳಿಸಿ ಎಲ್ಲರನ್ನೂ ರೋಗಿ ಮಾಡಿವೆ”

ಮಿತಿ ಇಳಿದದ್ದು ನಿಜ. ಖಾಲಿಹೊಟ್ಟೆಯ ಮಿತಿ ಮೊದಲು 140 ಇತ್ತು. 1997ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಅದನ್ನು 126ಕ್ಕೆ ಇಳಿಸಿತು, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಒಪ್ಪಿಕೊಂಡಿತು.

ಆದರೆ ಕಾರಣ ಬೇರೆ. ಸಾವಿರಾರು ಜನರ ಕಣ್ಣಿನ ಹಿಂಬದಿಯ ಪರದೆಯನ್ನು ಪರೀಕ್ಷಿಸಿ, ರಕ್ತದ ಸಕ್ಕರೆಯ ಯಾವ ಮಟ್ಟದಿಂದ ರಕ್ತನಾಳಗಳಿಗೆ ಹಾನಿ ಹೆಚ್ಚತೊಡಗುತ್ತದೆ ಎಂದು ನೋಡಿದಾಗ ಸಿಕ್ಕ ಗಡಿ ಅದು. “ಹಿಂದೆ 200 ಇದ್ದರೂ ನಾರ್ಮಲ್ ಅನ್ನುತ್ತಿದ್ದರು” ಎಂಬ ಮಾತಿಗೆ ಆಧಾರವಿಲ್ಲ. ಸಕ್ಕರೆ 200 ಇದ್ದಾಗಲೂ ಅನೇಕರಿಗೆ ನೋವಾಗಲಿ ಸುಸ್ತಾಗಲಿ ಇರುವುದಿಲ್ಲ ನಿಜ. ಹಾಗೆಂದು ಹಾನಿ ಆಗುತ್ತಿಲ್ಲ ಎಂದಲ್ಲ. ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಸದ್ದಿಲ್ಲದೆ ಕೆಡುತ್ತವೆ.

ಫಾರ್ವರ್ಡ್ 2: “ಕುಚ್ಚಲಕ್ಕಿಗೆ ಶುಗರ್ ಏರುವುದಿಲ್ಲ, ಎಷ್ಟೂ ಉಣ್ಣಬಹುದು”

ಅರ್ಧ ನಿಜ. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ತವುಡಿನಲ್ಲಿರುವ ಬಿ1 ಜೀವಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಬೆಂದ ಪಿಷ್ಟ ಒಣಗುವಾಗ ಮತ್ತೆ ಗಟ್ಟಿಯಾಗಿ ಜೋಡಿಸಿಕೊಳ್ಳುವುದರಿಂದ ಅದು ಕರಗುವುದು ತುಸು ನಿಧಾನ. ಹಾಗಾಗಿ ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಯಿಂದ ಸಕ್ಕರೆ ನಿಧಾನವಾಗಿ ಏರಬಹುದು. ಕೆಂಪು ತವುಡು ಉಳಿದಿರುವ ಅಕ್ಕಿಯಾದರೆ ನಾರಿನಂಶವೂ ಹೆಚ್ಚು. ಆದರೆ ಈ ವ್ಯತ್ಯಾಸ ಅಕ್ಕಿಯ ತಳಿ, ಪಾಲಿಶ್, ಬೇಯಿಸುವ ಹದ ಎಲ್ಲದರ ಮೇಲೆ ನಿಂತಿದೆ.

ಬದಲಾಗದ್ದು ಒಟ್ಟು ಮೊತ್ತ. ಬೆಂದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿರುತ್ತದೆ. ಮಧ್ಯಾಹ್ನ ತಟ್ಟೆ ತುಂಬ ಬಡಿಸಿಕೊಂಡು 300 ಗ್ರಾಂ ಉಂಡರೆ ಒಂದೇ ಹೊತ್ತಿಗೆ 80 ಗ್ರಾಂಗೂ ಹೆಚ್ಚು ಪಿಷ್ಟ ಹೊಟ್ಟೆ ಸೇರಿತು. ನಿಧಾನವಾಗಿಯೋ ಬೇಗವೋ, ಅದು ರಕ್ತಕ್ಕೆ ಬಂದೇ ಬರುತ್ತದೆ.

ಗಂಜಿಯ ವಿಷಯದಲ್ಲೂ ಇದೇ ಮಾತು. ಬಟ್ಟಲಲ್ಲಿ ತಿಳಿನೀರು ಹೆಚ್ಚಿದ್ದು ಅಕ್ಕಿ ಕಡಿಮೆ ಇದ್ದರೆ ಒಳ್ಳೆಯದೇ. ಆದರೆ ಅಕ್ಕಿ ಅಷ್ಟೇ ಇದ್ದು ಕರಗುವಷ್ಟು ಬೆಂದಿದ್ದರೆ ಸಕ್ಕರೆ ಇನ್ನೂ ಬೇಗ ಏರುತ್ತದೆ. ಗಂಜಿಗೆ ಬರೀ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಸಾಕು ಎನ್ನುವ ಅಭ್ಯಾಸದಲ್ಲಿ ಉಪ್ಪು ಹೆಚ್ಚು, ತರಕಾರಿ ಶೂನ್ಯ. ಶುಗರ್ ಇರುವ ಅನೇಕರಿಗೆ ಬಿ.ಪಿ.ಯೂ ಇರುವುದರಿಂದ ಇದು ಎರಡು ಕಡೆಯ ಪೆಟ್ಟು. ಗಂಜಿಯ ಜೊತೆ ಹೆಸರುಕಾಳಿನ ಪಲ್ಯವೋ ಬಸಳೆಯೋ ಇದ್ದರೆ ಲೆಕ್ಕವೇ ಬೇರೆ.

“ಅನ್ನ ಬಸಿದರೆ ಸಕ್ಕರೆ ಅಂಶವೆಲ್ಲ ಹೋಗುತ್ತದೆ” ಎಂಬ ವಿಡಿಯೊಗಳೂ ಓಡಾಡುತ್ತಿವೆ. ತಿಳಿಯಲ್ಲಿ ಹೋಗುವುದು ಪಿಷ್ಟದ ಸಣ್ಣ ಪಾಲು ಮಾತ್ರ. ಕಾಳಿನೊಳಗಿನದು ಕಾಳಿನಲ್ಲೇ ಇರುತ್ತದೆ.

“ಹಿಂದಿನವರು ಇದನ್ನೇ ತಿಂದು ಗಟ್ಟಿಯಾಗಿರಲಿಲ್ಲವೇ?”

ಈ ಪ್ರಶ್ನೆಗೆ ಜೆಪ್ಪುವಿನ ಚರಿತ್ರೆಯಲ್ಲೇ ಉತ್ತರ ಉಂಟು. 1860ರ ದಶಕದಲ್ಲಿ ನೇತ್ರಾವತಿ ದಡದ ಈ ಭಾಗದಲ್ಲಿ, ಮೋರ್ಗನ್ಸ್ ಗೇಟ್ ಬಳಿ, ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಮಂಗಳೂರು ಹೆಂಚು ದೇಶವಿದೇಶಕ್ಕೆ ಹೋಯಿತು. ಆವೆಮಣ್ಣು ಹೊತ್ತು, ಕಲಸಿ, ಹಸಿ ಹೆಂಚು ಸಾಗಿಸಿ, ಗೂಡಿನ ಬಿಸಿಯಲ್ಲಿ ದಿನವಿಡೀ ದುಡಿದವರ ದೇಹಕ್ಕೆ ತಟ್ಟೆ ತುಂಬ ಕುಚ್ಚಲಕ್ಕಿ ಅನ್ನ ಬೇಕಿತ್ತು. ದುಡಿಯುವ ಸ್ನಾಯುಗಳು ಆ ಗ್ಲೂಕೋಸನ್ನು ಹೀರಿಕೊಳ್ಳುತ್ತಿದ್ದವು.

ಇಂದು ಅದೇ ಕಡೆಯ ಮೊಮ್ಮಕ್ಕಳು ಕಂಪ್ಯೂಟರಿನ ಮುಂದೆ, ಅಂಗಡಿಯ ಗಲ್ಲಾದಲ್ಲಿ, ರಿಕ್ಷಾದ ಸೀಟಿನಲ್ಲಿ ಕೂತು ದುಡಿಯುತ್ತಾರೆ. ತಟ್ಟೆಯ ಅಳತೆ ಮಾತ್ರ ಹಳೆಯದೇ ಉಳಿದಿದೆ. ಜೊತೆಗೆ ಸಂಜೆಗೆ ಗೋಳಿಬಜೆ, ಬನ್ಸ್, ಬೇಕರಿ ಪಫ್ ಸೇರಿಕೊಂಡಿವೆ. ಅಕ್ಕಿ ಬದಲಾಗಲಿಲ್ಲ, ಕೆಲಸ ಬದಲಾಯಿತು.

ಫಾರ್ವರ್ಡ್ 3: “ಅನ್ನ ಬಿಡಿ, ಚಪಾತಿ ಅಥವಾ ರಾಗಿ ತಿನ್ನಿ”

100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ, ರಾಗಿಯಲ್ಲಿ ಸುಮಾರು 67, ಗೋಧಿಹಿಟ್ಟಿನಲ್ಲಿ ಸುಮಾರು 64. ವ್ಯತ್ಯಾಸ ಇದೆ, ಆದರೆ ದೊಡ್ಡದಲ್ಲ. ರಾಗಿ, ಗೋಧಿಯಲ್ಲಿ ನಾರಿನಂಶ ಹೆಚ್ಚಿರುವುದು ಲಾಭ. ಆದರೂ ನುಣ್ಣಗೆ ಬೀಸಿದ ರಾಗಿಯ ಅಂಬಲಿ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ. ಒಂದು ಬಟ್ಟಲು ಅನ್ನ ಬಿಟ್ಟು ಐದು ಚಪಾತಿ ತಿಂದರೆ ಗಳಿಸಿದ್ದೇನೂ ಇಲ್ಲ. ಚಪಾತಿಯಿಂದ ಶುಗರ್ ಇಳಿದವರಲ್ಲಿ ಹೆಚ್ಚಿನವರು ಎರಡೇ ಚಪಾತಿಗೆ ನಿಲ್ಲಿಸಿದವರು.

ನೀರುದೋಸೆಯದೂ ಇದೇ ಕಥೆ. ತೆಳ್ಳಗಿದೆ ಎಂದು ಏಳೆಂಟು ಇಳಿಯುತ್ತವೆ. ಎರಡೋ ಮೂರೋ ದೋಸೆಯ ಜೊತೆ ಮೊಟ್ಟೆ, ಕಡಲೆ ಗಸಿ ಅಥವಾ ಮೀನುಸಾರು ಇಟ್ಟುಕೊಂಡರೆ ಹೊಟ್ಟೆಯೂ ತುಂಬುತ್ತದೆ, ಸಕ್ಕರೆಯೂ ಹಿಡಿತದಲ್ಲಿರುತ್ತದೆ.

ಹಾಗಾದರೆ ಬಟ್ಟಲಲ್ಲಿ ಏನಿರಬೇಕು?

ನೆನಪಿಡಲು ಸುಲಭವಾದ ಸೂತ್ರ: ಊಟದ ತಟ್ಟೆಯನ್ನು ಮನಸ್ಸಿನಲ್ಲೇ ಭಾಗ ಮಾಡಿ.

• ಅರ್ಧ ತಟ್ಟೆ ತರಕಾರಿ: ಬಸಳೆ, ಹರಿವೆ, ತೊಂಡೆಕಾಯಿ, ಬೆಂಡೆ, ಹೀರೆ, ಸೌತೆ, ಬದನೆ. ಗೆಣಸು, ಮರಗೆಣಸು, ಬಟಾಟೆ ಈ ಲೆಕ್ಕಕ್ಕೆ ಬಾರವು. ಅವು ಅನ್ನದ ಪಾಲಿಗೆ ಸೇರುತ್ತವೆ.

• ಕಾಲು ತಟ್ಟೆ ಪ್ರೊಟೀನ್: ಬಂಗುಡೆ, ಬೂತಾಯಿ, ಮೊಟ್ಟೆ, ಕೋಳಿ, ಸಸ್ಯಾಹಾರಿಗಳಿಗೆ ಹೆಸರು, ಅಲಸಂಡೆ, ಕಡಲೆ, ತೊಗರಿ, ಮೊಸರು.

• ಕಾಲು ತಟ್ಟೆ ಅನ್ನ: ಸಣ್ಣದೊಂದು ಬಟ್ಟಲು. ಕುಚ್ಚಲಕ್ಕಿಯೇ ಇರಲಿ, ತೊಂದರೆ ಇಲ್ಲ.

ಕರಾವಳಿಯವರಿಗೆ ಇದು ಕಷ್ಟದ ಪಥ್ಯವಲ್ಲ. ಮೀನಿನಲ್ಲಿ ಪಿಷ್ಟ ಇಲ್ಲವೆಂದೇ ಹೇಳಬಹುದು, ಬೂತಾಯಿ, ಬಂಗುಡೆಯ ಕೊಬ್ಬು ಹೃದಯಕ್ಕೂ ಹಿತ. ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನಿನ ಬದಲು ಪುಳಿಮುಂಚಿಯೋ ಸಾರೋ ಆಗಲಿ. ತೆಂಗಿನಕಾಯಿ ಸಕ್ಕರೆಯನ್ನು ಹೆಚ್ಚು ಏರಿಸದಿದ್ದರೂ ಕ್ಯಾಲೊರಿ ಧಾರಾಳ. ಆದ್ದರಿಂದ ತೂಕ ಇಳಿಸಬೇಕಾದವರ ಗಸಿ ತುಸು ತೆಳುವಾಗಲಿ. ತರಕಾರಿ, ಮೀನು ಅಥವಾ ಕಾಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಏರಿಕೆ ಕಡಿಮೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಬಹುದು.

ಹಬ್ಬ ಬರುತ್ತದೆ. ಚೌತಿಯ ಮೋದಕ, ಕ್ರಿಸ್ಮಸ್ಸಿನ ಕುಸ್ವಾರ್, ಪೆರ್ನಾಲಿನ ಸಿಹಿ, ಯಾವುದನ್ನೂ ಜೀವನಪೂರ್ತಿ ಮುಟ್ಟಬಾರದೆಂದಿಲ್ಲ. ಒಂದು ತುಂಡು ತಿಂದ ಹೊತ್ತಿಗೆ ಅನ್ನವನ್ನು ಅಷ್ಟು ಕಡಿಮೆ ಮಾಡಿ, ಊಟವಾದ ಮೇಲೆ ಸ್ವಲ್ಪ ನಡೆಯಿರಿ.

ಫಾರ್ವರ್ಡ್ 4: “ಸಕ್ಕರೆ ವಿಷ, ಬೆಲ್ಲ ಮತ್ತು ಜೇನು ಅಮೃತ”

100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ. ಓಲೆಬೆಲ್ಲ, ಜೇನು, ಕಲ್ಲುಸಕ್ಕರೆ ಎಲ್ಲಕ್ಕೂ ಇದೇ ಮಾತು. ಅದರಲ್ಲಿರುವ ಖನಿಜಾಂಶಕ್ಕಾಗಿ ಬೆಲ್ಲ ತಿನ್ನುವುದು ಶುಗರ್ ಇರುವವರಿಗೆ ನಷ್ಟದ ವ್ಯಾಪಾರ. ‘ಶುಗರ್ ಫ್ರೀ’ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿರಬಹುದು, ಮೈದಾ ಇದ್ದೇ ಇರುತ್ತದೆ.

ಫಾರ್ವರ್ಡ್ 5: “ಗುಜ್ಜೆ ತಿಂದರೆ ಶುಗರ್ ಮಾಯ”

ಈ ಸಂದೇಶದ ಹಿಂದೆ ಒಂದು ನಿಜವಾದ ಅಧ್ಯಯನವಿದೆ. ಆಂಧ್ರದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದವರು 40 ಮಂದಿ. ಅರ್ಧದಷ್ಟು ಜನರಿಗೆ ಅಕ್ಕಿ ಅಥವಾ ಗೋಧಿಹಿಟ್ಟಿನ ಒಂದು ಪಾಲನ್ನು ತೆಗೆದು, ಅದರ ಜಾಗದಲ್ಲಿ ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹಿಟ್ಟನ್ನು 12 ವಾರ ಕೊಟ್ಟರು. ಅವರ ಎಚ್‌ಬಿಎ1ಸಿ ಉಳಿದವರಿಗಿಂತ ಹೆಚ್ಚು ಇಳಿಯಿತು.

ಫಾರ್ವರ್ಡ್ ಬಿಟ್ಟುಬಿಡುವ ಸಂಗತಿಗಳು ಮೂರು. ಭಾಗವಹಿಸಿದವರು ತಮ್ಮ ಮಾತ್ರೆಗಳನ್ನು ಮುಂದುವರಿಸಿದ್ದರು. ಹಲಸಿನ ಹಿಟ್ಟು ಅಕ್ಕಿ–ಗೋಧಿಯ *ಬದಲಿಗೆ* ಬಂದಿತ್ತು, ಅದರ *ಜೊತೆಗೆ* ಅಲ್ಲ. ಮತ್ತು 40 ಜನರ ಅಧ್ಯಯನ ಒಳ್ಳೆಯ ಆರಂಭವೇ ಹೊರತು ಕೊನೆಯ ಮಾತಲ್ಲ.

ಆದ್ದರಿಂದ ಗುಜ್ಜೆ ಪಲ್ಯ ಧಾರಾಳವಾಗಿ ಮಾಡಿ, ಅಷ್ಟು ಅನ್ನ ಕಡಿಮೆ ಮಾಡಿ. ಹಣ್ಣಾದ ಹಲಸಿನ ಸೊಳೆ ಬೇರೆಯೇ ವಿಷಯ. ಹಣ್ಣಾಗುತ್ತಾ ಪಿಷ್ಟ ಸಕ್ಕರೆಯಾಗುತ್ತದೆ. ಎರಡು ಮೂರು ಸೊಳೆ ತಿನ್ನಬಹುದು, ಇಡೀ ಕಡಿ ಖಾಲಿ ಮಾಡುವ ಹಾಗಿಲ್ಲ.

ಫಾರ್ವರ್ಡ್ 6: “ಇನ್ಸುಲಿನ್ ಗಿಡ ಇರುವಾಗ ಇಂಜೆಕ್ಷನ್ ಯಾಕೆ?”

ಕರಾವಳಿಯ ಎಷ್ಟೋ ಅಂಗಳಗಳಲ್ಲಿ ಈ ಗಿಡ ಕಾಣುತ್ತದೆ. ಹೆಸರು ಇನ್ಸುಲಿನ್ ಗಿಡವಾದರೂ ಎಲೆಯಲ್ಲಿ ನಮ್ಮ ದೇಹಕ್ಕೆ ಬೇಕಾದ ಇನ್ಸುಲಿನ್ ಇಲ್ಲ. ಒಂದು ವೇಳೆ ಇದ್ದರೂ ಫಲವಿಲ್ಲ. ಇನ್ಸುಲಿನ್ ಒಂದು ಪ್ರೊಟೀನ್. ಬಾಯಿಯಿಂದ ತೆಗೆದುಕೊಂಡರೆ ಮೀನಿನ ಪ್ರೊಟೀನಿನಂತೆಯೇ ಜೀರ್ಣವಾಗಿ ಹೋಗುತ್ತದೆ. ಅದನ್ನು ಇಂಜೆಕ್ಷನ್ ಮೂಲಕ ಕೊಡುವುದಕ್ಕೆ ಕಾರಣವೇ ಇದು.

ಈ ಗಿಡದ ಬಗ್ಗೆ ನಮ್ಮ ಊರಿನಲ್ಲೇ ಸಂಶೋಧನೆ ನಡೆದಿದೆ. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟೀರಾಯ್ಡ್ ಕೊಟ್ಟು ಸಕ್ಕರೆ ಏರಿಸಿದ್ದ ಇಲಿಗಳಿಗೆ ಎಲೆಯ ಪುಡಿ ತಿನ್ನಿಸಿದಾಗ ಸಕ್ಕರೆ ಇಳಿದಿತ್ತು. ಕುತೂಹಲದ ಫಲಿತಾಂಶ, ಅನುಮಾನವಿಲ್ಲ. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತದೆ, ಎಷ್ಟು ಎಲೆ ಸಾಕು, ವರ್ಷಗಟ್ಟಲೆ ತಿಂದರೆ ಮೂತ್ರಪಿಂಡಕ್ಕೆ ಏನೂ ಆಗದು ಎಂದು ಹೇಳಲು ಮನುಷ್ಯರ ಮೇಲೆ ದೊಡ್ಡ ಪ್ರಯೋಗ ಬೇಕು. ಮಾತ್ರೆಗೆ ಬದಲಿ ಎನ್ನಲು ಬೇಕಾದ ಪುರಾವೆ ಇದಲ್ಲ.

ಹಾಗಲಕಾಯಿಯ ಮೇಲಿನ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ 2012ರ ಕಾಕ್ರೇನ್ ವಿಮರ್ಶೆಗೂ ಸಾಕಷ್ಟು ಪುರಾವೆ ಸಿಗಲಿಲ್ಲ. ಮೆಂತೆಯಲ್ಲಿ ಕರಗುವ ನಾರು ಇರುವುದರಿಂದ ಸಕ್ಕರೆ ಸ್ವಲ್ಪ ಇಳಿಯಬಹುದು. ಎರಡೂ ಒಳ್ಳೆಯ ಆಹಾರ, ಪಲ್ಯವಾಗಿ, ಸಾಂಬಾರಾಗಿ ತಿನ್ನಿ. ಆದರೆ ಗ್ಲಾಸುಗಟ್ಟಲೆ ರಸ ಕುಡಿಯುತ್ತಾ ಮಾತ್ರೆಯನ್ನೂ ತೆಗೆದುಕೊಂಡರೆ ಕೆಲವರಿಗೆ ಸಕ್ಕರೆ ವಿಪರೀತ ಇಳಿಯಬಹುದು. ಏನು ತೆಗೆದುಕೊಳ್ಳುತ್ತಿದ್ದೀರೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಟೈಪ್ 1 ಇರುವ ಮಗುವಿನ ಇನ್ಸುಲಿನ್ ನಿಲ್ಲಿಸಿ ಎಲೆ ಜಗಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲಮಯವಾಗಿ ಜೀವಕ್ಕೇ ಕುತ್ತು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವ ತನಕ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಲೇ ಇರಲಿಲ್ಲ. ಈ ಒಂದು ಫಾರ್ವರ್ಡನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.

ಶುಗರ್ ನಿಜವಾಗಿಯೂ ವಾಪಸ್ ಹೋಗಬಹುದೇ?

ಕೆಲವರಿಗೆ ಹೌದು, ಆದರೆ ಎಲೆಯಿಂದಲ್ಲ. ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗದಲ್ಲಿ, ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ಬಳಸದ, ತೂಕ ಹೆಚ್ಚಿದ್ದ ಟೈಪ್ 2 ರೋಗಿಗಳಿಗೆ ವೈದ್ಯರ ನಿಗಾದಲ್ಲಿ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಒಂದು ವರ್ಷದ ಬಳಿಕ ಅವರಲ್ಲಿ ಶೇ. 46 ಮಂದಿಯ ಸಕ್ಕರೆ ಔಷಧಿಯಿಲ್ಲದೆ ಮಧುಮೇಹದ ಮಿತಿಗಿಂತ ಕೆಳಗಿತ್ತು. 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಿ ಇದು ಶೇ. 86. ಇದನ್ನು ‘ಗುಣವಾಯಿತು’ ಎನ್ನುವುದಿಲ್ಲ, ‘ರೆಮಿಷನ್’ ಎನ್ನುತ್ತಾರೆ. ತೂಕ ಮರಳಿದರೆ ಕಾಯಿಲೆಯೂ ಮರಳಬಹುದು.

ಇನ್ನೂ ಹೊಸ್ತಿಲಲ್ಲಿರುವವರಿಗೆ ಸುದ್ದಿ ಮತ್ತಷ್ಟು ಒಳ್ಳೆಯದು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಪ್ರಯೋಗದಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷದೊಳಗೆ ಶೇ. 55 ಮಂದಿಗೆ ಮಧುಮೇಹ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಅದು ಸುಮಾರು ಶೇ. 39. ನಮ್ಮವರು ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಇರುವುದು ಸಾಮಾನ್ಯ. ಆದ್ದರಿಂದ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟದಿದ್ದರೆ ಒಳ್ಳೆಯದು.

ನಡಿಗೆ ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಊಟದ ನಂತರದ 10–15 ನಿಮಿಷದ ನಡಿಗೆ ಸಕ್ಕರೆಯ ಏರಿಕೆಯನ್ನು ನೇರವಾಗಿ ತಗ್ಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ನೆಪ ಸಿಗುತ್ತದೆ, ಆಗ ಮನೆಯ ಜಗಲಿ, ಫ್ಲ್ಯಾಟಿನ ಮೆಟ್ಟಿಲು ಸಾಕು. ಜೆಪ್ಪು ಮಾರ್ಕೆಟಿಗೆ ಸ್ಕೂಟರ್ ಬಿಟ್ಟು ನಡೆದು ಹೋದರೂ ಅದು ವ್ಯಾಯಾಮವೇ.

ಉಪವಾಸ ಮಾಡುವವರು ಗಮನಿಸಿ

ಏಕಾದಶಿ, ರಂಜಾನ್, ಕಪ್ಪುದಿನಗಳು: ಹಲವು ಧರ್ಮಗಳಲ್ಲಿ ಉಪವಾಸವಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಕ, ಬೆವರು, ಎದೆ ಡವಡವ, ಗಲಿಬಿಲಿ ಇದರ ಸೂಚನೆ. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಉಪವಾಸಕ್ಕೆ ಕೆಲವು ವಾರ ಮೊದಲೇ ವೈದ್ಯರ ಬಳಿ ಹೋದರೆ ಔಷಧಿಯ ಹೊತ್ತು, ಪ್ರಮಾಣ ಹೊಂದಿಸಿಕೊಡುತ್ತಾರೆ.

ಕಾಲಿನ ಮೇಲೆ ಕಣ್ಣಿರಲಿ

ಹೆಚ್ಚು ಕಾಲದ ಶುಗರ್ ಪಾದದ ಸ್ಪರ್ಶಜ್ಞಾನವನ್ನು ಕಸಿಯುತ್ತದೆ. ಆಗ ಮುಳ್ಳು ಚುಚ್ಚಿದರೂ ಗೊತ್ತಾಗದು. ಮಂಗಳಾದೇವಿಯ ರಥೋತ್ಸವಕ್ಕೆ ಬರಿಗಾಲಲ್ಲಿ ಹೋದಾಗ ಬಿಸಿಯಾದ ಕಲ್ಲು, ಮಳೆಗಾಲದಲ್ಲಿ ದಿನವಿಡೀ ಒದ್ದೆಯಾಗಿರುವ ಬೆರಳ ಸಂದು, ಬಿಗಿಯಾದ ಚಪ್ಪಲಿ, ಎಲ್ಲವೂ ಹುಣ್ಣಿಗೆ ದಾರಿ. ಪ್ರತಿ ರಾತ್ರಿ ಪಾದ ತೊಳೆದು, ಬೆರಳ ಸಂದು ಒರೆಸಿ, ಅಡಿಭಾಗ ನೋಡಿಕೊಳ್ಳಿ. ಬಗ್ಗಲಾಗದ ಹಿರಿಯರ ಪಾದವನ್ನು ಮನೆಯವರು ನೋಡಲಿ. ಗಾಯವಾದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ.

ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರಪಿಂಡ, ಪಾದ ಮತ್ತು ಕೊಲೆಸ್ಟರಾಲ್ ಪರೀಕ್ಷೆ ಆಗಬೇಕು. ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡಬೇಕು. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿ.ಪಿ. ತಪಾಸಣೆ ಉಚಿತ. ಮಂಗಳೂರಿನವರಿಗೆ ಜಿಲ್ಲಾ ವೆನ್ಲಾಕ್ ಆಸ್ಪತ್ರೆಯೂ ಇದೆ.

ಫಾರ್ವರ್ಡ್ ಮಾಡುವ ಮೊದಲು

ಶುಗರ್ ಬಗ್ಗೆ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಔಷಧಿ ನಿಲ್ಲಿಸಲು ಹೇಳುತ್ತದೆಯೇ? ಒಂದೇ ವಸ್ತುವಿನಿಂದ ಎಲ್ಲರಿಗೂ ಗುಣ ಎನ್ನುತ್ತದೆಯೇ? ಅಧ್ಯಯನ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ ಎಂದು ಹೇಳದೆ ಬಿಡುತ್ತದೆಯೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಗ್ರೂಪಿಗೆ ಏನಾದರೂ ಕಳಿಸಲೇಬೇಕೆಂದರೆ ಇಷ್ಟನ್ನು ಕಳಿಸಿ: ಅನ್ನ ಕಾಲು ತಟ್ಟೆ, ತರಕಾರಿ ಅರ್ಧ ತಟ್ಟೆ, ಊಟದ ನಂತರ ಹತ್ತು ನಿಮಿಷ ನಡಿಗೆ, ಮಾತ್ರೆ ಹೊತ್ತಿಗೆ ಸರಿಯಾಗಿ, ರಾತ್ರಿ ಒಮ್ಮೆ ಪಾದ ನೋಡಿಕೊಳ್ಳಿ.